ಮೇಷ್ಟ್ರು ತಾವೇ ಮಲಗಿ ನೋಡಿದ ಬೆಂಚು

ನಮ್ಮ ಯಜಮಾನರು ಮೂವತ್ತು ವರ್ಷ ಮರಗೆಲಸ ಕಲಿಸಿದ ತಾಂತ್ರಿಕ ಶಾಲೆಯಿಂದ ಒಂದು ಕಾಗದ ಬಂತು. ಶಾಲೆಯವರು ನೆನಪಿನ ಪುಸ್ತಕ ತರುತ್ತಿದ್ದಾರಂತೆ, ತೀರಿಹೋದ ಮೇಷ್ಟ್ರುಗಳ ಬಗ್ಗೆ ಮನೆಯವರು ನಾಲ್ಕು ಸಾಲು ಬರೆದು ಕಳಿಸಬೇಕಂತೆ. ‘ಸರಳ ಸಜ್ಜನರು, ಮಿತಭಾಷಿ, ಶಿಷ್ಯರಿಗೆ ಅಚ್ಚುಮೆಚ್ಚು’ ಎಂದು ಮಗಳು ಫೋನಿನಲ್ಲೇ ಹೇಳಿ ಬರೆಸಲು ನೋಡಿದಳು. “ಅದನ್ನ ಯಾರ ಮೇಲೆ ಬೇಕಾದ್ರೂ ಬರೀಬಹುದು ಕಣೇ. ನಿನ್ನ ಕೆಲಸ ನೋಡ್ಕೋ ಹೋಗು” ಎಂದು ಫೋನು ಇಟ್ಟೆ.

ಬರೆದರೆ ಪೂರ್ತಿ ಬರೆಯಬೇಕು, ಇಲ್ಲವಾದರೆ ತೆಪ್ಪಗಿರಬೇಕು. ಇವರು ಕೋರ್ಟಿನಲ್ಲಿ ಸಾಕ್ಷಿ ಹೇಳಿದಂದಿನಿಂದ ಆರು ವರ್ಷ ತೆಪ್ಪಗಿದ್ದೆ. ಈಗ ನನ್ನ ಮಾತಿನಿಂದ ಕೆಡುವಂಥದ್ದು ಏನೂ ಉಳಿದಿಲ್ಲ. ಇವರು ಹೋಗಿ ಒಂದೂವರೆ ವರ್ಷವಾಯಿತು. ಇವರಿಗಿಂತ ಮೊದಲೇ ನಮ್ಮ ಬೀದಿಯ ಕತ್ತರಿಯಣ್ಣ ಹೋದ. ಯುದ್ಧದ ಕಾಲದ ಆ ಕ್ಯಾಪ್ಟನ್ನನ ಅಪೀಲು ಬಿದ್ದುಹೋಗಿ ಅವನು ಜೈಲಿನಲ್ಲಿ ಮುದುಕನಾಗುತ್ತಿದ್ದಾನೆ. ಶಾಲೆಯವರು ಇದನ್ನು ಅಚ್ಚು ಹಾಕುವುದಿಲ್ಲ ಎಂದು ನನಗೂ ಗೊತ್ತು. ಹಾಕದಿದ್ದರೆ ಬೇಡ, ನಾನೇನು ಅವರ ಮನೆ ಬಾಗಿಲು ತಟ್ಟಿದೆನೇ?

ಇವರ ಅಪ್ಪನೂ ಬಡಗಿ. ಆ ಮಾವನವರು ಮಗನಿಗೆ ಕೊಟ್ಟ ಆಸ್ತಿ ಎಂದರೆ ಒಂದು ಉಳಿ, ಒಂದು ಉಜ್ಜುಗೊರಡು ಮತ್ತು ಒಂದು ಮಾತು: ತಾನು ಕೂತು ನೋಡದ ಕುರ್ಚಿಯನ್ನು ಇನ್ನೊಬ್ಬನಿಗೆ ಕೊಡಬಾರದು. ಇವರು ಆ ಮಾತನ್ನು ವೇದವಾಕ್ಯ ಮಾಡಿಕೊಂಡಿದ್ದರು. ಕುರ್ಚಿ ಮಾಡಿದರೆ ಅದರಲ್ಲಿ ಕೂತು ಹಿಂದೆ ಮುಂದೆ ತೂಗುವರು. ಮಂಚ ಮಾಡಿದರೆ ಮಲಗಿ ಎರಡೂ ಕಡೆ ಹೊರಳುವರು. ಒಮ್ಮೆ ಪಕ್ಕದ ಬೀದಿಯ ಬಾಣಂತಿಗೆ ತೊಟ್ಟಿಲು ಮಾಡಿದವರು ಒಳಗೆ ಕಾಲಿಡಲು ಹೋದಾಗ, “ಅಯ್ಯೋ, ಮುರಿದು ಹಾಕ್ತೀರಲ್ರೀ!” ಎಂದು ನಾನೇ ತೋಳು ಹಿಡಿದು ಎಳೆದಿದ್ದೆ. ಮೊದಲ ಸಲ ನಮ್ಮ ಮನೆಗೆ ಬಂದಾಗಲೂ ನನ್ನ ಮುಖ ನೋಡಲಿಲ್ಲ. ತಾವು ಕೂತ ಕುರ್ಚಿ ಕುಂಟುತ್ತಿದೆ ಎಂದು ಅದನ್ನು ಬೋರಲು ಹಾಕಿಕೊಂಡು ಕೂತುಬಿಟ್ಟರು. ನಮ್ಮಪ್ಪ, “ಹುಡುಗ ಸ್ವಲ್ಪ ಎಡವಟ್ಟು, ಆದರೆ ಮನೇಲಿ ಏನೂ ಕುಂಟಲ್ಲ ಬಿಡು” ಎಂದು ನಕ್ಕಿದ್ದರು.

ಮಾತು ಕಡಿಮೆ. ಮನೆಯಲ್ಲಿ ಇಬ್ಬರ ಪಾಲಿನ ಮಾತನ್ನೂ ನಾನೇ ಆಡುತ್ತಿದ್ದೆ. ಊಟಕ್ಕೆ ಏನು ಮಾಡಲಿ ಎಂದರೆ, “ನೀನು ಹೇಳಿದ್ದು.” ಮಗಳನ್ನು ಯಾವ ಶಾಲೆಗೆ ಹಾಕೋಣ ಎಂದರೆ, “ನೀನು ಹೇಳಿದ್ದು.” ಸಿಟ್ಟು ಬರುತ್ತಿತ್ತು. ಒಂದು ದಿನವಾದರೂ ಈ ಮನುಷ್ಯ ತನ್ನ ಬುದ್ಧಿಯಿಂದ ಒಂದು ನಿರ್ಧಾರ ಮಾಡಬಾರದೇ ಎಂದು ಹಲುಬುತ್ತಿದ್ದೆ. ನನ್ನ ಮಾತಿಗೆ ಇಲ್ಲವೆನ್ನುವುದು ಅವರಿಗೆ ಗೊತ್ತೇ ಇರಲಿಲ್ಲ. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು.

ಒಳಯುದ್ಧದ ಎರಡನೆಯ ವರ್ಷ ಸೈನ್ಯ ಶಾಲೆಯನ್ನು ವಶ ಮಾಡಿಕೊಂಡಿತು. ಮಕ್ಕಳನ್ನು ಮನೆಗೆ ಕಳಿಸಿ, ಗೇಟಿಗೆ ಮರಳು ಮೂಟೆ ಜೋಡಿಸಿದರು. ಮೇಷ್ಟ್ರುಗಳಲ್ಲಿ ಇಬ್ಬರನ್ನು ಮಾತ್ರ ರಿಪೇರಿ ಕೆಲಸಕ್ಕೆಂದು ಉಳಿಸಿಕೊಂಡರು. ಒಬ್ಬರು ಕಬ್ಬಿಣದ ಕೆಲಸ ಕಲಿಸುವ ಲೇತ್ ಮೇಷ್ಟ್ರು, ಇನ್ನೊಬ್ಬರು ಇವರು. ಅಲ್ಲಿನ ಯಜಮಾನ ಒಬ್ಬ ಕ್ಯಾಪ್ಟನ್. ತೆಳ್ಳಗಿನ, ಮೆಲುಮಾತಿನ ಮನುಷ್ಯ. ಇವರನ್ನು ‘ಮೇಷ್ಟ್ರೇ’ ಎಂದು ಗೌರವದಿಂದಲೇ ಕರೆಯುತ್ತಿದ್ದನಂತೆ.

ಮೊದಲು ಬಾಗಿಲು, ಕಿಟಕಿ, ಕಪಾಟು. ಆಮೇಲೆ ಒಂದು ದಿನ ಕ್ಯಾಪ್ಟನ್ ಕಾಗದದ ಮೇಲೆ ಗೆರೆ ಎಳೆದು ಒಂದು ಬೆಂಚು ಕೇಳಿದ. ಆಳುದ್ದ, ಮೊಳದಗಲ. ಎರಡೂ ಅಂಚಿನಲ್ಲಿ ಬೆಲ್ಟು ತೂರಿಸಲು ಆರು ಕಂಡಿ. ಗಾಯಾಳುಗಳನ್ನು ಮಲಗಿಸಲು ಇರಬೇಕು ಎಂದುಕೊಂಡು ಇವರು ಮಾಡಿದರು. ಪದ್ಧತಿಯಂತೆ ಮಲಗಿ ನೋಡಿದರು, ಸರಿಯಿತ್ತು, ಕೊಟ್ಟು ಬಂದರು. ಇದು ಮೊದಲನೆಯ ಸಲ.

ಮೂರು ವಾರಕ್ಕೆ ಮತ್ತೆ ಕರೆ ಬಂತು. ಬೆಂಚು ಜರುಗುತ್ತದೆ, ಮೇಲಾಗಿ ತಲೆಯ ಕಡೆ ತಗ್ಗಬೇಕು ಎಂದ ಕ್ಯಾಪ್ಟನ್. ಎಷ್ಟು ತಗ್ಗಲಿ ಎಂದು ಇವರು ಕೇಳಿದರು. “ಮೇಷ್ಟ್ರು ನೀವು. ಮಲಗಿದವನು ತಲೆ ಎತ್ತಬಾರದು, ಅಷ್ಟು” ಎಂದನಂತೆ. ಇವರು ಬೆಂಚಿನ ತಲೆಯ ಕಡೆಯ ಎರಡು ಕಾಲನ್ನು ಕೊಯ್ದು ಮಲಗಿದರು. ಇನ್ನಷ್ಟು ಕೊಯ್ದು ಮತ್ತೆ ಮಲಗಿದರು. ಬೆಲ್ಟು ಕಟ್ಟದೆ ಹೇಗೆ ತಿಳಿಯಬೇಕು ಎಂದು, ಅಲ್ಲಿದ್ದ ಸಿಪಾಯಿಗೆ ಹೇಳಿ ತಾವೇ ಕಟ್ಟಿಸಿಕೊಂಡರು. ಒಂದು ಗೇಣು ಇಳಿಜಾರಿಗೆ ತಲೆ ಏಳಲಿಲ್ಲ. ಸರಿಯಾಯಿತು, ಬಿಚ್ಚಿ ಎಂದರು. ಸಿಪಾಯಿಗಳು ಬಿಚ್ಚಲಿಲ್ಲ, ತಮಾಷೆಗೆ ಒಂದು ನಿಮಿಷ ಹಾಗೆಯೇ ಬಿಟ್ಟು ನಕ್ಕರು. ಇವರಿಗೆ ಉಸಿರು ಕಟ್ಟಿತು, ಮೂಗಿನೊಳಗೆ ಏನೋ ಇಳಿದಂತಾಯಿತು. ನೋಡಿದರೆ ಹಲಗೆಯೆಲ್ಲ ಒದ್ದೆ. ಮರಕ್ಕೆ ಮರ ಸೇರುವ ಕೂಡುಗಳು ನೀರು ಕುಡಿದು ಊದಿಕೊಂಡಿದ್ದವು. ಬಿಚ್ಚಿದ ಮೇಲೆ ನಮ್ಮ ಯಜಮಾನರು ಏನು ಮಾಡಿದರು ಗೊತ್ತೇ? ಸಿಟ್ಟು ಮಾಡಿಕೊಂಡು ಕ್ಯಾಪ್ಟನ್ನನಿಗೇ ಬುದ್ಧಿ ಹೇಳಿದರು. “ಹೀಗೆ ನೀರು ಸುರಿದರೆ ಹೆಂಗೆ ಸಾರ್? ಮರ ಹಾಳಾಗುತ್ತೆ, ಕೂಡು ಬಿಟ್ಟುಕೊಳ್ಳುತ್ತೆ. ನೀರು ಹಾಕಬೇಡಿ.”

ಸಿಪಾಯಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರಂತೆ. ಆ ನಗು ಕೇಳುತ್ತ ಗೇಟಿನವರೆಗೆ ಬಂದ ಮೇಲೆ ಇವರಿಗೆ ಹೊಳೆಯಿತು, ಆ ಬೆಂಚು ಯಾತಕ್ಕೆ, ನೀರು ಯಾತಕ್ಕೆ ಎಂದು: ಕಟ್ಟಿ ಮಲಗಿಸಿದವನ ಮುಖದ ಮೇಲೆ ಉಸಿರು ಕಟ್ಟುವಂತೆ ನೀರು ಸುರಿದು ಬಾಯಿ ಬಿಡಿಸಲು. ಮನೆಗೆ ಬಂದವರೇ ಬಚ್ಚಲಲ್ಲಿ ಕೂತು ವಾಂತಿ ಮಾಡಿದರು. ನಾನು ಬೆನ್ನು ಸವರುತ್ತ ಎಲ್ಲವನ್ನೂ ಒಂದೊಂದಾಗಿ ಹೊರಡಿಸಿದೆ. “ನಾನು ಮರ ಹಾಳಾಗುತ್ತೆ ಅಂದೆ ಕಣೇ,” ಎಂದು ಇವರು ಹಣೆ ಹಣೆ ಬಡಿದುಕೊಂಡರು. “ಮರ ಹಾಳಾಗುತ್ತೆ ಅಂದೆ.” ಇನ್ನು ಸತ್ತರೂ ಅತ್ತ ಕಾಲಿಡುವುದಿಲ್ಲ ಎಂದರು. ನಮ್ಮ ಮದುವೆಯಾಗಿ ಒಂಬತ್ತು ವರ್ಷದಲ್ಲಿ ಅವರ ಬಾಯಿಂದ ಬಂದ ಮೊದಲ ನಿರ್ಧಾರ ಅದು.

ಹತ್ತು ದಿನ ಕಳೆದು ಚೀಟಿ ಬಂತು. ‘ಬೆಂಚಿನ ಕಾಲು ಕಿತ್ತು ಬಂದಿದೆ. ಬಂದು ಸರಿ ಮಾಡಿ.’ ಅಷ್ಟೇ. ಬೆದರಿಕೆಯ ಮಾತು ಒಂದೂ ಇಲ್ಲ. ಇವರು ಚೀಟಿಯನ್ನು ಮೇಜಿನ ಮೇಲಿಟ್ಟು, ಅಣ್ಣನ ಊರಿಗೆ ಹೋಗಿಬಿಡುತ್ತೇನೆ ಎಂದರು. ಆ ವಾರವೇ ಲೇತ್ ಮೇಷ್ಟ್ರು ಕೆಲಸ ಬಿಡುತ್ತೇನೆ ಎಂದವರು ಮನೆಗೆ ಬಂದಿರಲಿಲ್ಲ. ಅವರ ಹೆಂಡತಿ ಗೇಟಿನ ಮುಂದೆ ಮೂರು ದಿನ ನಿಂತು ಹಿಂದಿರುಗಿದ್ದಳು. ನನ್ನ ಏಳು ವರ್ಷದ ಮಗಳು ಜ್ವರದಲ್ಲಿ ಮಲಗಿದ್ದಳು. ನಾನು ಒಲೆಯ ಮುಂದೆ ನಿಂತಿದ್ದೆ. ಆಗ ಆಡಿದ ಮಾತನ್ನು ಇದ್ದದ್ದು ಇದ್ದಂತೆ ಬರೆಯುತ್ತೇನೆ.

“ಹೋಗಿ ಬನ್ನಿ. ನೀವು ಹೋಗ್ದಿದ್ರೆ ಇನ್ನೊಬ್ಬ ಹೋಗ್ತಾನೆ, ಬೆಂಚೇನು ರಿಪೇರಿ ಆಗ್ದೆ ಉಳಿಯುತ್ತಾ? ಒಂದು ಕಾಲು ಹೊಡೆದು ಬನ್ನಿ, ಅಷ್ಟೇ. ಮಲಗೋರು ಯಾರೋ, ನಮಗ್ಯಾಕೆ? ನನಗೆ ನನ್ನ ಮಗಳ ಅಪ್ಪ ಬೇಕು.”

ಇವರು ನನ್ನ ಮುಖವನ್ನೇ ನೋಡಿದರು. ಬೇಡ ಎನ್ನುತ್ತೇನೇನೋ ಎಂದು ಕಾದರು ಎಂದು ಈಗ ಅನ್ನಿಸುತ್ತದೆ. ನಾನು ಪಾತ್ರೆಯ ಕಡೆ ತಿರುಗಿಕೊಂಡೆ. ಅವರು ಉಳಿಯ ಚೀಲ ಹೆಗಲಿಗೆ ಹಾಕಿಕೊಂಡು ಹೋದರು. ಆ ದಿನ ಕಾಲಿಗೆ ಕಬ್ಬಿಣದ ಪಟ್ಟಿ ಕೊಟ್ಟು ಬಿಗಿದು, ಕೂಡುಗಳಿಗೆ ಮೇಣ ತಿಕ್ಕಿ ಬಂದರು. ಮೇಣ ತಿಕ್ಕಲು ಯಾರೂ ಹೇಳಿರಲಿಲ್ಲ. ಕೈಗೆ ಅಭ್ಯಾಸ, ತಿಕ್ಕಿತು.

ಅದಾಗಿ ನಾಲ್ಕನೆಯ ದಿನಕ್ಕೆ ನಮ್ಮ ಬೀದಿಯ ಮೂಲೆಯ ಕ್ಷೌರದಂಗಡಿಯವನನ್ನು ಹಿಡಿದುಕೊಂಡು ಹೋದರು. ಊರಿಗೆಲ್ಲ ಅವನು ಕತ್ತರಿಯಣ್ಣ. ಯಾರೋ ತಲೆಮರೆಸಿಕೊಂಡವನ ಗಡ್ಡ ಬೋಳಿಸಿದ್ದನಂತೆ, ಗಡ್ಡ ಬೋಳಿಸಿಕೊಂಡವನು ಎಲ್ಲಿಗೆ ಹೋದ ಹೇಳು ಎಂದು ಅವರ ಕಾಟ. ಹನ್ನೊಂದು ದಿನ ಇಟ್ಟುಕೊಂಡು ಬಿಟ್ಟರು. ಆಮೇಲೆ ಅವನು ತಲೆ ಹಿಂದಕ್ಕೆ ಬಾಗಿಸಲಾರ. ನೀರು ಕುಡಿದರೂ ಮುಂದಕ್ಕೆ ಬಗ್ಗಿ ಹೀರುವನು. ಮಳೆ ಹನಿ ಮುಖದ ಮೇಲೆ ಬಿದ್ದರೆ ಅಂಗಡಿ ಒಳಗೆ ಓಡುವನು. ಆದರೆ ಬಾಯಿ ಮಾತ್ರ ಮೊದಲಿನಂತೆಯೇ, ಊರ ಸುದ್ದಿಯೆಲ್ಲ ಅವನ ನಾಲಿಗೆಯ ಮೇಲೆ.

ಯುದ್ಧ ಮುಗಿಯಿತು, ಶಾಲೆ ಮತ್ತೆ ತೆರೆಯಿತು. ಬೆಂಚನ್ನು ಸೈನ್ಯದವರು ಹೋಗುವಾಗಲೇ ಸುಟ್ಟಿದ್ದರು. ಅಲ್ಲಿಯವರೆಗೆ ತಮ್ಮ ತಲೆಗೂದಲನ್ನು ನನ್ನ ಕೈಯಲ್ಲಿ ಕತ್ತರಿಸಿಕೊಳ್ಳುತ್ತಿದ್ದ ನಮ್ಮ ಯಜಮಾನರು ಪ್ರತಿ ಭಾನುವಾರ ಕತ್ತರಿಯಣ್ಣನ ಅಂಗಡಿಗೆ ಹೋಗತೊಡಗಿದರು. ಅವನಿಗೆ ಒಂದು ಒಳ್ಳೆಯ ಕುರ್ಚಿಯನ್ನೂ ಮಾಡಿ ಕೊಟ್ಟರು. ಬೆಲೆ ತೆಗೆದುಕೊಳ್ಳಲಿಲ್ಲ. “ಮೇಷ್ಟ್ರಿಗೆ ನನ್ನ ಮೇಲೆ ಅದೇನು ಪ್ರೀತಿನೋ!” ಎಂದು ಅವನು ಬಂದವರಿಗೆಲ್ಲ ಹೇಳಿಕೊಂಡು ಬೀಗುತ್ತಿದ್ದ. ಇಪ್ಪತ್ತು ವರ್ಷ ಹೀಗೇ. ಅವನು ಇವರ ಗದ್ದ ಹಿಡಿದು ಕ್ಷೌರ ಮಾಡುವುದು, ಇವರು ಕಣ್ಣು ಮುಚ್ಚಿಕೊಂಡು ಕೂರುವುದು. ನಾವಿಬ್ಬರೂ ಮನೆಯಲ್ಲಿ ಬೆಂಚಿನ ಸುದ್ದಿ ಎತ್ತಲೇ ಇಲ್ಲ.

ಆಮೇಲೆ ಆ ಕೋರ್ಟು ಬಂತು. ನಮ್ಮ ದೇಶದವರೂ ಹೊರಗಿನವರೂ ಸೇರಿ ಕೂರಿಸಿದ ವಿಶೇಷ ನ್ಯಾಯಾಲಯ. ಯುದ್ಧದಲ್ಲಿ ಹಿಂಸೆ ಕೊಟ್ಟವರನ್ನು ಎಷ್ಟು ವರ್ಷದ ಮೇಲಾದರೂ ಅಲ್ಲಿ ವಿಚಾರಣೆ ಮಾಡಬಹುದು. ಕ್ಯಾಪ್ಟನ್ ಆಗ ದೊಡ್ಡ ಮನುಷ್ಯ, ಕೂದಲು ಬೆಳ್ಳಗಾಗಿ ಇನ್ನೂ ಗಂಭೀರವಾಗಿ ಕಾಣುತ್ತಿದ್ದ. ಅವನು ಹೇಳುತ್ತಿದ್ದುದು ಒಂದೇ: ಅದು ಶಾಲೆ, ಅಲ್ಲಿ ಇದ್ದದ್ದು ಮಕ್ಕಳ ಬೆಂಚು. ಸೆರೆ ಸಿಕ್ಕವರ ಕಣ್ಣಿಗೆಲ್ಲ ಬಟ್ಟೆ ಕಟ್ಟಿತ್ತು. ಕಣ್ಣಾರೆ ನೋಡಿದವರು ಒಬ್ಬರೂ ಇಲ್ಲ.

ಒಂದು ಭಾನುವಾರ ಬೆಳಗ್ಗೆ ಕತ್ತರಿಯಣ್ಣನೇ ಒಬ್ಬ ಹೆಂಗಸನ್ನು ಮನೆಗೆ ಕರೆದುಕೊಂಡು ಬಂದ. ಸರ್ಕಾರದ ಕಡೆಯ ವಕೀಲೆ. ಮೂವತ್ತೈದರ ಒಳಗಿನ ವಯಸ್ಸು, ಕೈಯಲ್ಲಿ ದಪ್ಪ ಫೈಲು. ನಾವು ಅವಳನ್ನು ಲಾಯರಮ್ಮ ಎಂದೇ ಕರೆದೆವು.

“ಮೇಷ್ಟ್ರೇ, ನೀವು ಆಗ ಶಾಲೇಲೇ ಇದ್ರಲ್ಲ,” ಎಂದ ಕತ್ತರಿಯಣ್ಣ. “ಇಳಿಜಾರಿನ ಬೆಂಚೊಂದಿತ್ತು ಅಂತ ನಾನು ಹೇಳಿದ್ರೆ ಅವನ ವಕೀಲ ನಗ್ತಾನೆ. ಕಣ್ಣು ಕಟ್ಟಿದ್ದೋನಿಗೆ ಬೆಂಚು ಯಾವುದು ನೆಲ ಯಾವುದು ಹೆಂಗೆ ಗೊತ್ತು ಅಂತಾನೆ. ನೀವು ಏನಾದ್ರೂ ನೋಡಿದ್ರೆ ಹೇಳಿ. ನನಗೆ ಹುಚ್ಚು ಅಂತ ಅನ್ನಿಸಿಬಿಡ್ತಾರೆ ಮೇಷ್ಟ್ರೇ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರಲ್ಲ, ಹಾಗೆ ಇವರ ಕೈ ತಮ್ಮ ಕುತ್ತಿಗೆಗೆ ಹೋಯಿತು. “ಎರಡು ದಿನ ಟೈಮು ಕೊಡಿ” ಎಂದು ಹೇಳಿ ಕಳಿಸಿದರು.

ಆ ಎರಡು ದಿನ ನಮ್ಮ ಮನೆಯಲ್ಲಿ ರಣರಂಗ. ಹೇಳಿದರೆ ಇವರದೇ ಕೈ ಸಿಕ್ಕಿಬೀಳುತ್ತದೆ. ಬೆಂಚು ಮಾಡಿದ್ದೆ ಎಂದಷ್ಟೇ ಹೇಳಿ ನಿಲ್ಲಿಸಿದರೆ, ಕ್ಯಾಪ್ಟನ್ ಅದು ಗಾಯಾಳುಗಳಿಗೆ ಎಂದು ತಪ್ಪಿಸಿಕೊಳ್ಳುತ್ತಾನೆ. ಅದು ಹಿಂಸೆಗೇ ಎಂದು ತೋರಿಸಬೇಕಾದರೆ ಒದ್ದೆ ಹಲಗೆ ನೋಡಿದ್ದು, ತಿಳಿದಿದ್ದೂ ಮೂರನೆಯ ಸಲ ಹೋಗಿ ಗಟ್ಟಿ ಮಾಡಿದ್ದು, ಎಲ್ಲವನ್ನೂ ಹೇಳಬೇಕು. ಇತ್ತ ದರಿ, ಅತ್ತ ಪುಲಿ.

“ನೋಡ್ಲಿಲ್ಲ ಅಂದ್ಬಿಡಿ. ಈ ವಯಸ್ಸಲ್ಲಿ ಬೇಕಾ ನಿಮಗೆ?” ಎಂದೆ.

“ಇಪ್ಪತ್ತು ವರ್ಷದಿಂದ ಅವನು ನನ್ನ ಗದ್ದ ಹಿಡೀತಾನೆ” ಎಂದರು.

“ಹಿಡೀಲಿ. ಇನ್ನಿಪ್ಪತ್ತು ವರ್ಷ ಹಿಡೀಲಿ. ಹೇಳಿದ ಮೇಲೆ ಹಿಡೀತಾನಾ?”

“ಇಲ್ಲ” ಎಂದರು. “ಆದ್ರೂ ಹೇಳ್ತೀನಿ.”

ಅದು ಅವರ ಎರಡನೆಯ ನಿರ್ಧಾರ. ಮೊದಲನೆಯದನ್ನು ಮುರಿದವಳು ನಾನು, ಇದನ್ನು ಮುರಿಯಲು ನನ್ನಿಂದ ಆಗಲಿಲ್ಲ. ಕಣ್ಣೀರಿಟ್ಟೆ, ರೇಗಿದೆ, ಮಗಳಿಗೆ ಫೋನು ಮಾಡಿ ಹೇಳಿಸಿದೆ. ಆಸಾಮಿ ಜಗ್ಗಲಿಲ್ಲ.

ಲಾಯರಮ್ಮ ಒಳ್ಳೆಯವಳು, ಸುಳ್ಳು ಧೈರ್ಯ ಕೊಡಲಿಲ್ಲ. ನಮ್ಮ ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಹೇಳಿದಳು. “ನೀವು ಹೇಳೋದನ್ನ ಈ ಕೋರ್ಟು ನಿಮ್ಮ ವಿರುದ್ಧ ಬಳಸಲ್ಲ. ಅದಕ್ಕೆ ನಾನು ಜವಾಬ್ದಾರಿ. ಆದ್ರೆ ಹೊರಗೆ ನಮ್ಮ ದೇಶದ ಮಾಮೂಲಿ ಕೋರ್ಟುಗಳಿವೆ. ಅಲ್ಲಿ ಸಮವಸ್ತ್ರದಲ್ಲಿದ್ದವರಿಗೆ ಮಾಫಿ ಕಾನೂನಿದೆ. ನಿಮ್ಮಂಥ ಸಾಮಾನ್ಯರಿಗಿಲ್ಲ. ಯಾರಾದ್ರೂ ದೂರು ಕೊಟ್ರೆ ಪೊಲೀಸರು ನಿಮ್ಮ ಮೇಲೆ ಕೇಸು ಹಾಕಬಹುದು.”

“ಅಂದ್ರೆ ಬೆಂಚು ಮಾಡಿಸಿದೋನಿಗೆ ಊರ ಕೋರ್ಟಲ್ಲಿ ಮಾಫಿ, ಮಾಡಿದೋರಿಗೆ ಜೈಲು?” ಎಂದು ನಾನು ಸಿಡುಕಿದೆ. “ಭಲೇ ಕಾನೂನು!”

“ಹೌದಮ್ಮ” ಎಂದಳು. ತಲೆ ಎತ್ತಲಿಲ್ಲ.

ಇವರು ಒಂದನ್ನೂ ಬಿಡದೆ ಹೇಳಿದರು. ಗೇಣು, ಬೆಲ್ಟು, ಒದ್ದೆ ಹಲಗೆ, ಮೇಣ. ಅವಳು ಬರೆದುಕೊಂಡಳು. ಕೊನೆಗೆ ಕೇಳಿದಳು. “ಎರಡನೇ ಸಲ ಬಂದ ಮೇಲೆ ಮನೇಲಿ ಯಾರಿಗಾದ್ರೂ ಹೇಳಿದ್ರಾ?”

ನಾನು ಟೀ ಲೋಟಗಳ ತಟ್ಟೆ ಹಿಡಿದು ನಿಂತಿದ್ದೆ. ಇವರು ನನ್ನತ್ತ ನೋಡದೆಯೇ ಹೇಳಿದರು. “ಇಲ್ಲ. ಇವಳಿಗೆ ಏನೂ ಗೊತ್ತಿರಲಿಲ್ಲ. ನನ್ನಷ್ಟಕ್ಕೆ ನಾನೇ ಹೋದೆ.”

ಮಳ್ಳಿ ಮಳ್ಳಿ ಮಂಚಕ್ಕೆಷ್ಟು ಕಾಲು ಎಂದರೆ ಮೂರು ಮತ್ತೊಂದು ಎಂದಳಂತೆ. ಹಾಗೆ ನಾನು ಏನೂ ತಿಳಿಯದವಳಂತೆ ಲೋಟಗಳನ್ನು ಮೇಜಿನ ಮೇಲಿಟ್ಟೆ. ಇವರು ಪ್ರಮಾಣ ಮಾಡಿ ಆ ಕಾಗದಕ್ಕೆ ಸಹಿ ಹಾಕಿದರು. ಅವಳು ಹೋದ ಮೇಲೆ ಜಗಳ ತೆಗೆದೆ. “ಯಾಕೆ ಸುಳ್ಳು ಹೇಳಿದ್ರಿ?” ಎಂದರೆ, “ಮನೇಲಿ ಒಬ್ಬರು ಸಾಕು” ಎಂದರು.

ಸಾಕ್ಷಿ ಹೇಳುವ ಮುನ್ನಾದಿನ ಇವರು ಕತ್ತರಿಯಣ್ಣನ ಅಂಗಡಿಗೆ ಹೋಗಿ, ಕೋರ್ಟಿನಲ್ಲಿ ಕೇಳುವ ಮೊದಲು ನನ್ನ ಬಾಯಿಂದಲೇ ಕೇಳಿಬಿಡು ಎಂದು ಹೇಳಲು ನೋಡಿದರು. ಅಂಗಡಿ ತುಂಬ ಜನ. ಅವನು ನೊರೆ ಕಲಸುತ್ತ, “ನಾಳೆ ನಮ್ಮ ಮೇಷ್ಟ್ರು ಸತ್ಯ ಹೇಳ್ತಾರೆ ನೋಡ್ತಿರಿ!” ಎಂದು ಎಲ್ಲರಿಗೂ ಸಾರುತ್ತಿದ್ದ. ಇವರು ಹಾಗೇ ಹಿಂದಿರುಗಿದರು.

ಕೋರ್ಟಿನ ಕೋಣೆ ಅಷ್ಟೇನೂ ದೊಡ್ಡದಲ್ಲ. ಮೂವರು ನ್ಯಾಯಾಧೀಶರು, ಗಾಜಿನ ಪೆಟ್ಟಿಗೆಯಲ್ಲಿ ಕೂತು ಭಾಷೆ ಬದಲಿಸುವ ಇಬ್ಬರು, ಒಂದು ಬದಿಯಲ್ಲಿ ಕ್ಯಾಪ್ಟನ್. ನಾನು ಕತ್ತರಿಯಣ್ಣನ ಪಕ್ಕದಲ್ಲೇ ಕೂತಿದ್ದೆ, ಬೇರೆ ಜಾಗವಿರಲಿಲ್ಲ. ಇವರು ಮಾತು ಶುರು ಮಾಡಿ ‘ಬೆಂಚು ಮಾಡಿದವನು ನಾನು’ ಎಂದಾಗ ಅವನು ನನ್ನ ಕಡೆ ತಿರುಗಿದ. ನಾನು ತಿರುಗಲಿಲ್ಲ. ತಲೆ ಏಳುವುದಿಲ್ಲ ಎಂದು ನಿಮಗೆ ಹೇಗೆ ಗೊತ್ತು ಎಂದು ಲಾಯರಮ್ಮ ಕೇಳಿದಳು. “ನಾನೇ ಮಲಗಿ ನೋಡಿದೆ” ಎಂದರು ಇವರು.

ಆಮೇಲೆ ಕ್ಯಾಪ್ಟನ್ನನ ವಕೀಲ ಎದ್ದ. ನಗುಮುಖದ ಮನುಷ್ಯ.

“ಮೂರನೇ ಸಲ ಹೋದಾಗ ಯಾರಾದ್ರೂ ಬಂದೂಕು ಹಿಡಿದು ಕರ್ಕೊಂಡು ಹೋದ್ರಾ?”

“ಇಲ್ಲ. ಚೀಟಿ ಬಂದಿತ್ತು.”

“ಚೀಟೀಲಿ ಬೆದರಿಕೆ?”

“ಇರಲಿಲ್ಲ.”

“ಹಿಂಸೆ ಕೊಡೋ ಬೆಂಚು ಅಂತ ತಿಳಿದಿದ್ರೆ ಯಾವ ಮನುಷ್ಯ ತಾನಾಗಿ ಹೋಗಿ ಸರಿ ಮಾಡ್ತಾನೆ? ಅದು ರೋಗಿಗಳ ಮಂಚ ಅಂತ ನಂಬಿದ್ರಿ, ಅದಕ್ಕೇ ಹೋದ್ರಿ. ಅಲ್ವಾ?”

ಹೌದು ಎಂದಿದ್ದರೆ ಸಾಕಿತ್ತು. ಇವರೂ ಉಳಿಯುತ್ತಿದ್ದರು, ಕ್ಯಾಪ್ಟನ್ನನೂ ಉಳಿಯುತ್ತಿದ್ದ. ‘ಹೌದು ಅನ್ನಿ, ಹೌದು ಅಂದುಬಿಡಿ’ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಕತ್ತರಿಯಣ್ಣನ ಪಕ್ಕದಲ್ಲಿ ಕೂತುಕೊಂಡು ಬೇಡಿಕೊಂಡೆ.

“ಅಲ್ಲ” ಎಂದರು. “ಗೊತ್ತಿದ್ದೇ ಹೋದೆ.”

ವಕೀಲನ ನಗು ಹೋಯಿತು. ಸಿಟ್ಟಿನಲ್ಲಿ ಕೇಳಿದ. “ಆ ದಿನ ನೀವು ಸರಿ ಮಾಡದಿದ್ರೆ ಬೆಂಚು ಬಳಸೋಕಾಗ್ತಿತ್ತಾ?”

“ಇಲ್ಲ. ಕಾಲೇ ಇರಲಿಲ್ಲ.”

“ನಾಲ್ಕು ದಿನ ಆದ್ಮೇಲೆ ಇಲ್ಲಿ ಕೂತಿರೋ ಈ ಕ್ಷೌರಿಕರನ್ನ ತಂದ್ರು. ನಿಮ್ಮ ಮಾತಿನ ಪ್ರಕಾರ ಅವರು ಮಲಗಿದ್ದು ನೀವು ಸರಿ ಮಾಡಿದ ಬೆಂಚಲ್ಲೇ?”

“ಹೌದು.”

“ಹೋಗು ಅಂತ ಯಾರೂ ಹೇಳದೆ ಹೋದ್ರಿ?”

ಇವರ ಕಣ್ಣು ಒಂದು ಕ್ಷಣ ನಮ್ಮ ಸಾಲಿನತ್ತ ಬಂತು. ನಾನು ಏಳಬೇಕಿತ್ತು. ‘ನಾನು ಹೇಳಿದೆ, ನಾನು ಕಳಿಸಿದೆ’ ಎಂದು ಕಿರುಚಬೇಕಿತ್ತು. ಮನೆಯಲ್ಲಿ ಸೌಟು ಬಿದ್ದರೂ ಊರು ಕೇಳುವಂತೆ ಕಿರುಚುವವಳು, ಅವತ್ತು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಕೂತೆ.

“ಯಾರೂ ಹೇಳಲಿಲ್ಲ” ಎಂದರು ಇವರು.

ಕತ್ತರಿಯಣ್ಣ ಎದ್ದು ಹೊರಗೆ ಹೋದ. ಮರುದಿನ ಇವರು ಮಾಡಿಕೊಟ್ಟ ಕುರ್ಚಿ ಅವನ ಅಂಗಡಿಯ ಹೊರಗೆ, ಚರಂಡಿಯ ಪಕ್ಕದಲ್ಲಿ ನಿಂತಿತ್ತು. ಒಂದು ವಾರ ಬಿಸಿಲಲ್ಲಿ ನಿಂತು, ಆಮೇಲೆ ಯಾರೋ ಹೊತ್ತುಕೊಂಡು ಹೋದರು.

ಕ್ಯಾಪ್ಟನ್ನನಿಗೆ ಹದಿನಾರು ವರ್ಷ ಶಿಕ್ಷೆಯಾಯಿತು. ತೀರ್ಪಿನಲ್ಲಿ ಇವರ ಸಾಕ್ಷಿಯದೇ ನಾಲ್ಕು ಪುಟ. ತನಗೆ ಹಾನಿಯಾಗುವುದನ್ನೂ ಮುಚ್ಚಿಡದ ಸಾಕ್ಷಿ, ಆದ್ದರಿಂದ ನಂಬಲರ್ಹ ಎಂದು ಬರೆದಿದ್ದರು. ತಿಂಗಳೊಳಗೆ ಊರ ಪೊಲೀಸರು ಇವರ ಮೇಲೆ ಕೇಸು ಹಾಕಿದರು. ಜೈಲಿಗೆ ಕಳಿಸಲಿಲ್ಲ, ಊರು ಬಿಡಬಾರದು ಎಂದರು. ಪ್ರತಿ ಸೋಮವಾರ ಠಾಣೆಗೆ ಹೋಗಿ ಸಹಿ. ತಾರೀಖಿನ ಮೇಲೆ ತಾರೀಖು. ಮಗಳ ಊರು ಐದು ತಾಸಿನ ದಾರಿ, ಅವಳಿಗೆ ಗಂಡುಮಗು ಹುಟ್ಟಿದಾಗ ಹೋಗಲಾಗಲಿಲ್ಲ. ಗಡ್ಡ ಬೆಳೆಯಿತು. ಬೇರೆ ಅಂಗಡಿಗೆ ಹೋಗಿ ಎಂದರೆ ಹೋಗಲಿಲ್ಲ, ನಾನು ಕತ್ತರಿ ಹಿಡಿದರೆ ತಲೆ ಕೊಡಲಿಲ್ಲ. ಅಂಗಳ, ನಡುಮನೆ, ಹಿತ್ತಿಲು, ಸೋಮವಾರ ಠಾಣೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು, ಒಪ್ಪುತ್ತೇನೆ. ಆದರೆ ಉಪ್ಪನ್ನು ಅವರ ಬಾಯಿಗೆ ಹಾಕಿದವಳು ನಾನು, ನನಗೆ ಬಾಯಾರಿಕೆಯೇ ಇಲ್ಲವೇ?

ತಡೆಯಲಾರದೆ ಒಂದು ಮಧ್ಯಾಹ್ನ, ಇವರಿಗೆ ಹೇಳದೆ, ಲಾಯರಮ್ಮನ ಆಫೀಸಿಗೆ ಹೋದೆ. ಗೋಡೆಯವರೆಗೆ ಫೈಲು, ಎರಡು ಕುರ್ಚಿ.

“ಗಂಡನಿಗೆ ಅಂಥ ಕೆಲಸಕ್ಕೆ ಹೋಗು ಅಂದ ಹೆಂಡ್ತಿಗೆ ಏನು ಶಿಕ್ಷೆ?” ಎಂದು ಕೇಳಿದೆ, ಯಾರದೋ ಮನೆಯ ಮಾತು ಎಂಬಂತೆ.

ಅವಳು ನಕ್ಕಳು. “ಅಡುಗೆ ಮನೆಯೊಳಗೆ ಕೋರ್ಟು ಬರಲ್ಲಮ್ಮ. ಅದಕ್ಕೆಲ್ಲ ಕಲಮು ಹುಡುಕೋಕೆ ಹೋದ್ರೆ ಯಾವ ದೇಶದ ಜೈಲೂ ಸಾಲಲ್ಲ.”

“ಮತ್ತೆ ಒಬ್ಬ ಸಾಕ್ಷಿ ಎಲ್ಲ ನಿಜ ಹೇಳಿ, ಒಂದೇ ಒಂದು ಸಣ್ಣ ಮಾತು...”

ಅವಳ ಕೈ ಮೇಲೆದ್ದಿತು. ನಗು ಹೋಗಿತ್ತು. “ಅಮ್ಮ, ಅಲ್ಲೇ ನಿಲ್ಲಿಸಿ. ಅಪೀಲು ನಡೀತಿದೆ. ನೀವು ಮುಂದಿನ ಮಾತು ಹೇಳಿದ್ರೆ ನಾನು ಅದನ್ನ ಆ ಕಡೆ ವಕೀಲರಿಗೆ ತಿಳಿಸ್ಲೇಬೇಕು, ಅದು ನಿಯಮ. ಬೆಂಚಿಲ್ಲ, ಕಾಗದವಿಲ್ಲ, ಈ ಇಡೀ ಕೇಸು ನಿಂತಿರೋದು ಒಬ್ಬ ಮನುಷ್ಯನ ಬಾಯಿ ಮೇಲೆ. ಅವರು ಒಂದು ಕಡೆ ಸುಳ್ಳು ಹೇಳಿದ್ರು ಅಂತಾದ್ರೆ, ಉಳಿದದ್ದನ್ನೂ ಸುಳ್ಳು ಅಂತಾರೆ. ಕ್ಯಾಪ್ಟನ್ ಮನೆಗೆ ಹೋಗ್ತಾನೆ. ಕತ್ತರಿಯಣ್ಣ ಮತ್ತೆ ಹುಚ್ಚ ಆಗ್ತಾರೆ.” ಮುಂದಿದ್ದ ಫೈಲು ಮುಚ್ಚಿ ಕೇಳಿದಳು. “ಏನಾದ್ರೂ ಹೇಳೋದಿತ್ತಾ?”

“ಏನಿಲ್ಲಮ್ಮ” ಎಂದೆ. “ಸುಮ್ನೆ ಕೇಳಿದೆ.”

ಮೆಟ್ಟಿಲಿಳಿದು ಬೀದಿಗೆ ಬಂದೆ. ಬಿಸಿ ತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಶಿಕ್ಷೆ ಕೇಳಲು ಹೋದವಳ ಬಾಯಿಯನ್ನು ನ್ಯಾಯವೇ ಮುಚ್ಚಿ ಕಳಿಸಿತ್ತು.

ಅದಾಗಿ ಎರಡು ತಿಂಗಳಿಗೆ, ಒಂದು ದಿನ ಸಂಜೆಗೆ ಮುಂಚೆ, ಕತ್ತರಿಯಣ್ಣ ನಮ್ಮ ಬಾಗಿಲಿಗೆ ಬಂದ. ಸಾಕ್ಷಿಯ ದಿನದಿಂದ ನಮ್ಮ ಬೀದಿಯ ಈ ತುದಿಗೇ ಬಂದಿರಲಿಲ್ಲ. ಇಳಿದು ಹೋಗಿದ್ದ, ಕೆನ್ನೆ ಒಳಗೆ ಸೇರಿತ್ತು. ಒಳಗಿನ ಕೋಣೆಯಲ್ಲಿ ಇವರು ಹಲಗೆ ಉಜ್ಜುತ್ತಿದ್ದ ಸದ್ದು ಕೇಳುತ್ತಿತ್ತು.

“ಒಳಗೆ ಬಾಪ್ಪ” ಎಂದೆ.

“ಇಲ್ಲಮ್ಮ, ಹೊಸ್ತಿಲು ದಾಟಲ್ಲ” ಎಂದ. “ಅವರ ಹತ್ರ ಮಾತಾಡೋಕೆ ನನ್ನ ಕೈಲಾಗಲ್ಲ. ಅವರಿಂದ್ಲೇ ಅವನು ಜೈಲಿಗೆ ಹೋಗಿದ್ದು, ಗೊತ್ತು. ಅವರಿಂದ್ಲೇ ನಾನೂ ಮಲಗಿದ್ದು, ಅದೂ ಗೊತ್ತು. ಎರಡನ್ನೂ ಒಟ್ಟಿಗೆ ತಲೇಲಿ ಇಟ್ಕೊಳೋಕೆ ಆಗ್ತಿಲ್ಲ. ನಿಮ್ಮನ್ನ ಒಂದು ಕೇಳ್ಬೇಕು ಅಂತ ಬಂದೆ.”

“ಕೇಳು.”

“ನಿಮಗೆ ಗೊತ್ತಿರಲಿಲ್ಲ ಅಂತ ಅವರು ಸಹಿ ಹಾಕಿ ಕೊಟ್ಟ ಹೇಳಿಕೇಲಿ ಇದೆಯಂತೆ. ನಾನು ನಂಬಲ್ಲ. ನಿಮಗೆ ಗೊತ್ತಿಲ್ದೆ ಆ ಮನುಷ್ಯ ಒಂದು ಗುಟುಕು ನೀರೂ ಕುಡಿಯಲ್ಲ. ನೀವು ಹೋಗ್ಬೇಡಿ ಅಂದಿರ್ತೀರಿ, ಮಾತು ಮೀರಿ ಹೋಗಿರ್ತಾರೆ, ಆ ನಾಚಿಕೆಗೆ ಹಾಗಂದಿದಾರೆ. ಅಲ್ವಾ? ನಾನು ಯಾರಿಗೂ ಹೇಳಲ್ಲ. ಅವತ್ತು ನೀವು ತಡೆದಿದ್ರಿ ತಾನೇ?”

ಒಳಗೆ ಉಜ್ಜುವ ಸದ್ದು ನಿಂತಿತು.

ಇಲ್ಲವೆಂದರೆ ನಿಜ ಹೊರಬರುತ್ತದೆ. ಇವನು ಅಂಗಡಿಯಲ್ಲಿ ಹತ್ತು ಜನರ ಮಧ್ಯೆ ದಿನವಿಡೀ ಮಾತಾಡುವವನು, ಯಾರಿಗೂ ಹೇಳಲ್ಲ ಎಂದರೂ ಸುದ್ದಿ ಹೋಗಬೇಕಾದಲ್ಲಿಗೆ ಹೋಗುತ್ತದೆ. ಅವನ ಕೇಸು ಬೀಳುತ್ತದೆ, ಇವರೂ ಬೀಳುತ್ತಾರೆ. ಇದೆಲ್ಲ ಲೆಕ್ಕ ಹಾಕಿದೆ ಎಂದು ಬರೆದರೆ ನನಗೆ ಅನುಕೂಲ. ಆದರೆ ಅದೂ ಪೂರ್ತಿ ನಿಜವಲ್ಲ. ಅವನು ನನ್ನ ಮುಖವನ್ನು ಅಷ್ಟು ಆಸೆಯಿಂದ ನೋಡುತ್ತಿದ್ದ, ಅದು ನನಗೆ ಬೇಕೆನಿಸಿತು.

“ಹೂಂ” ಎಂದೆ. “ತಡೆದಿದ್ದೆ.”

ಅವನ ಕಣ್ಣು ತುಂಬಿತು. “ಅಷ್ಟು ಸಾಕು ತಾಯಿ. ಇಪ್ಪತ್ತು ವರ್ಷದಿಂದ ಅಂದುಕೋತಿದ್ದೆ, ಈ ಊರಲ್ಲಿ ಒಬ್ಬರಾದ್ರೂ ಅವತ್ತು ಬೇಡ ಅಂದಿರ್ತಾರಾ ಅಂತ.” ಎರಡೂ ಕೈ ಎತ್ತಿ ಮುಗಿದು, ಮೆಟ್ಟಿಲಿಳಿದು ಹೋದ.

ಒಳಗೆ ಹೋದೆ. ಇವರು ಉಜ್ಜುಗೊರಡು ಹಿಡಿದು ಹಾಗೇ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಏನೂ ಅನ್ನಲಿಲ್ಲ. ಅವತ್ತೂ ಅನ್ನಲಿಲ್ಲ, ಸಾಯುವವರೆಗೂ ಅನ್ನಲಿಲ್ಲ. ಕತ್ತರಿಯಣ್ಣ ಅಪೀಲಿನ ತೀರ್ಪಿಗೆ ಮೂರು ತಿಂಗಳು ಮೊದಲು ತೀರಿಕೊಂಡ. ಅಲ್ಲಿಯವರೆಗೆ ಬೀದಿಯಲ್ಲಿ, ಅಂಗಡಿಯ ಮುಂದೆ, ಎಲ್ಲಿ ಕಂಡರೂ ನನಗೆ ಕೈ ಮುಗಿಯುತ್ತಿದ್ದ. ನಾನೂ ಮುಗಿಯುತ್ತಿದ್ದೆ.